ಬಾಡಿಗೆಯ ಠೇವಣಿ: ಮನೆಯ ಮಾಲಿಕರ ಲೆಕ್ಕಕ್ಕೆ ಕೆಲವು ಮಾತು

ನಮ್ಮ ಉಚಿತ ವಾಚನಾಲಯಕ್ಕೆ ರವಿವಾರ ಬೆಳಿಗ್ಗೆ ಬರುವವರಲ್ಲಿ ಪತ್ರಿಕೆ ಓದುವವರಷ್ಟೇ ಅರ್ಜಿ, ಕಾಗದ ಬರೆಸಿಕೊಳ್ಳಲು ಬರುವವರೂ ಇರುತ್ತಾರೆಂಬುದು ವಾಚಕರಿಗೆ ಗೊತ್ತೇ ಇದೆ. ಹಿಂದೆ ಹೀಗೆ ಬರುತ್ತಿದ್ದವರೆಲ್ಲ ಬಾಡಿಗೆಗೆ ಇದ್ದವರೇ. ಈಗ ಹಾಗಿಲ್ಲ. ಒಂದು ಕಾಲಕ್ಕೆ ಹತ್ತು ಮಂದಿ ಒಂದೇ ಕೋಣೆಯಲ್ಲಿ ಸರದಿಯ ಮೇಲೆ ಮಲಗುತ್ತಿದ್ದ ನಮ್ಮವರ ಮಕ್ಕಳು ಡೊಂಬಿವಲಿ, ಕಲ್ಯಾಣ, ವಸಯಿ ಕಡೆ ಒಂದು ಕೋಣೆ-ಅಡಿಗೆಮನೆಯ ಬಿಡಾರ ಕೊಂಡಿದ್ದಾರೆ. ನೌಕರಿ ಬೇರೆ ಕಡೆಯಾದಾಗಲೋ, ನಿವೃತ್ತರಾಗಿ ಊರಿಗೆ ಹೋದಾಗಲೋ ಅದನ್ನು ಬಾಡಿಗೆಗೆ ಕೊಡುತ್ತಾರೆ. ಹೀಗೆ ನೋಡನೋಡುತ್ತ ನಾವೂ 'ಮಾಲಿಕರು' ಆಗಿದ್ದೇವೆ. ಹೆಸರು ದೊಡ್ಡದು, ಇರುವುದು ಮುನ್ನೂರೈವತ್ತು ಚದರಡಿ.

ಕಳೆದ ತಿಂಗಳು ನಿವೃತ್ತರಾದ ಹಿರಿಯರೊಬ್ಬರು ಬಂದು ನನ್ನ ಮೇಜಿನ ಎದುರು ಕುಳಿತರು. ಅವರ ಬಾಡಿಗೆದಾರರು ಮೂರು ವಾರದಲ್ಲಿ ಮನೆ ಬಿಡುವವರು. ತಿರುಗಿ ಕೊಡಬೇಕಾದ ಠೇವಣಿ 75,000 ರೂಪಾಯಿ. ಅದು ಎರಡು ವರ್ಷದ ಹಿಂದೆಯೇ ಮನೆಯವರ ಕಣ್ಣಿನ ಶಸ್ತ್ರಚಿಕಿತ್ಸೆಗೂ ಮೊಮ್ಮಗನ ಕಾಲೇಜಿಗೂ ಹೋಗಿದೆ. "ಒಂದು ಕಾಗದ ಬರೆದುಕೊಡಿ ತಮ್ಮಾ, ಗೋಡೆ ಹಾಳಾಗಿದೆ, ನಲ್ಲಿ ಕೆಟ್ಟಿದೆ ಎಂದು ಏನಾದರೂ ಹಾಕಿ. ಅರ್ಧವಾದರೂ ಉಳಿಯಲಿ" ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಆ ಮಾತು ಆಡುವಾಗ ನನ್ನ ಮುಖ ನೋಡಲಿಲ್ಲ. ನಾನು ಆ ಕಾಗದ ಬರೆಯಲಿಲ್ಲ. ಆದರೆ ಅವರನ್ನು ಜರೆಯುವ ಯೋಗ್ಯತೆಯೂ ನನಗಿರಲಿಲ್ಲ, ಏಕೆಂದರೆ ಅಂತಹ ಒಂದು ಕಾಗದವನ್ನು ನಾನು ಸ್ವತಃ ನನಗಾಗಿ ಒಮ್ಮೆ ಬರೆದುಕೊಂಡವನು. ಅದನ್ನು ಮುಂದೆ ಹೇಳುತ್ತೇನೆ. ನಾನು ವಕೀಲನಲ್ಲ. ಗಿರಣಿಯೊಂದರ ಲೆಕ್ಕದ ಪುಸ್ತಕ ಬರೆಯುವವನು. ಆದುದರಿಂದ ಇಲ್ಲಿ ಹೇಳುವುದರಲ್ಲಿ ಕಾನೂನಿಗಿಂತ ಲೆಕ್ಕವೇ ಹೆಚ್ಚು.

ಲೆಕ್ಕದ ಮೊದಲ ಪ್ರಶ್ನೆ ಇದು: ಈ ಹಣ ಯಾರದು? ಬಾಡಿಗೆ ಬಂದರೆ ಅದು ನಮ್ಮ ಆದಾಯ. ಠೇವಣಿ ಬಂದರೆ ಅದು ನಮ್ಮ ಸಾಲ. ಕಂತ್ರಾಟುದಾರನು ಗಿರಣಿಯಲ್ಲಿ ಕಟ್ಟಿದ ಅನಾಮತ್ತು ರಕಮು ಗಿರಣಿಯ ಕೈಪೆಟ್ಟಿಗೆಯಲ್ಲಿದ್ದರೂ ಪುಸ್ತಕದಲ್ಲಿ ಅದನ್ನು ಕೊಡಬೇಕಾದ ಬಾಕಿಯ ಬದಿಗೇ ಬರೆಯುತ್ತೇವೆ. ಲಾಭದಲ್ಲಿ ಸೇರಿಸಿದರೆ ಲೆಕ್ಕ ತಪಾಸಣೆಯವರು ಕೆಂಪು ಗೀಟು ಎಳೆಯುತ್ತಾರೆ. ಮನೆಯಲ್ಲಿ ಮಾತ್ರ ಈ ಗೀಟು ಎಳೆಯುವವರಿಲ್ಲ. ಐವತ್ತು-ಅರವತ್ತು ಸಾವಿರ ಒಮ್ಮೆಲೇ ಬ್ಯಾಂಕಿನ ಖಾತೆಗೆ ಬಿದ್ದಾಗ ಸಂಬಳ, ಬೋನಸ್ಸು, ಠೇವಣಿ ಎಂಬ ಭೇದ ಪಾಸ್‌ಬುಕ್ಕಿಗೆ ತಿಳಿಯದು. ಮನಸ್ಸಿಗೂ ಕ್ರಮೇಣ ಮರೆತುಹೋಗುತ್ತದೆ.

ಮುಂಬಯಿಯಲ್ಲಿ ಈ ಠೇವಣಿ ಇಷ್ಟು ದಪ್ಪವಾದದ್ದು ಹೇಗೆಂಬುದಕ್ಕೆ ಒಂದು ಇತಿಹಾಸವಿದೆ. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾನೂನು ಹಳೆಯ ಕಟ್ಟಡಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ನೆಯ ತಾರೀಖಿನ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧಕಾಲದ ಅಭಾವದಲ್ಲಿ ಬಡವರನ್ನು ಕಾಯಲು ಅದು ಬೇಕಾಗಿತ್ತು. ಆದರೆ ಬೆಲೆಗಳೆಲ್ಲ ಏರಿದ ಮೇಲೂ ಬಾಡಿಗೆ ಅಲ್ಲೇ ನಿಂತಿತು. ಆಗ ಮಾಲಿಕರು ಕೈಮರೆಯಲ್ಲಿ 'ಪಗಡಿ' ಎಂಬ ದೊಡ್ಡ ಮೊತ್ತ ತೆಗೆದುಕೊಳ್ಳತೊಡಗಿದರು. ಕಾನೂನು ಅದನ್ನು ನಿಷೇಧಿಸಿದ್ದರೂ ಅದು ನಡೆಯುತ್ತಲೇ ಇತ್ತು. ಬಾಡಿಗೆದಾರನೆಂದು ಒಪ್ಪಿದರೆ ಮನೆ ತಿರುಗಿ ಸಿಗದೆಂದು ಕೆಲವರು 'ಲೀವ್ ಅಂಡ್ ಲೈಸೆನ್ಸ್' ಎಂಬ ಪರವಾನಿಗೆಯ ಕರಾರು ಹಿಡಿದರು. 1973ರಲ್ಲಿ ಸರಕಾರವು ಕಾನೂನು ತಿದ್ದಿ, ಆ ವರ್ಷದ ಫೆಬ್ರವರಿ 1ರಂದು ಪರವಾನಿಗೆಯ ಮೇಲೆ ವಾಸವಾಗಿದ್ದವರನ್ನು ಬಾಡಿಗೆದಾರರೆಂದೇ ಪರಿಗಣಿಸಬೇಕೆಂದಿತು. ನೂರಾರು ಮಂದಿ ಮನೆ ಉಳಿಸಿಕೊಂಡರು, ನೂರಾರು ಮಂದಿ ಮನೆ ಕಳೆದುಕೊಂಡರು. ಅನಂತರ ಎಷ್ಟೋ ಮಾಲಿಕರು ಬಾಡಿಗೆ ಬೇಡವೆಂದು ಬೀಗವನ್ನೇ ಜಡಿದರು.

ಈ 1940ರ ಬಾಡಿಗೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಮೊಕದ್ದಮೆಯ ಹೆಸರು ನಮ್ಮ ಕಡೆಯದೇ ಎಂಬುದು ವಾಚಕರಿಗೆ ಕುತೂಹಲವೆನಿಸಬಹುದು. ಅದು 'ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರಕಾರ'. 1997ರ ಡಿಸೆಂಬರಿನಲ್ಲಿ ನ್ಯಾಯಾಲಯವು, ಹೀಗೆ ಬಾಡಿಗೆಯನ್ನು ಹೆಪ್ಪುಗಟ್ಟಿಸಿದ ನಿಯಮಗಳು ಕಾಲ ಕಳೆದಂತೆ ನ್ಯಾಯಸಮ್ಮತವಾಗಿ ಉಳಿದಿಲ್ಲವೆಂದು ಹೇಳಿತು. ತರುವಾಯ ಬಂದದ್ದೇ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾನೂನು. 2000ದ ಮಾರ್ಚ್ 31ರಿಂದ ಅದು ಜಾರಿಯಲ್ಲಿದೆ. ಅದರ 24ನೆಯ ಕಲಮಿನಂತೆ ಪರವಾನಿಗೆಯ ಅವಧಿ ಮುಗಿದ ಮೇಲೂ ಮನೆ ಬಿಡದವನನ್ನು ಸಕ್ಷಮ ಅಧಿಕಾರಿಯ ಮೂಲಕ ಬಿಡಿಸಬಹುದು. ಅವನು ಬಾಡಿಗೆಯ ಎರಡರಷ್ಟು ನಷ್ಟಪರಿಹಾರವನ್ನೂ ತೆರಬೇಕು. ಮಾಲಿಕನಿಗೆ ಇಷ್ಟು ರಕ್ಷಣೆ ಬಂದ ಮೇಲೂ ಹಳೆಯ ಅಂಜಿಕೆ ಮಾತ್ರ ಹೋಗಿಲ್ಲ. ಆ ಅಂಜಿಕೆಯೇ ಠೇವಣಿಯ ರೂಪದಲ್ಲಿ ಉಳಿದುಕೊಂಡಿದೆ ಎಂದು ನನ್ನ ಎಣಿಕೆ.

ಇಲ್ಲಿ 'ಹೆವಿ ಡಿಪಾಜಿಟ್' ಎಂಬ ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಕೆಲವು ಲಕ್ಷ ಒಟ್ಟಿಗೆ ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಅಷ್ಟನ್ನೂ ತಿರುಗಿ ಪಡೆಯುವುದು. ಬೆಂಗಳೂರಿನಲ್ಲಿ ಇದನ್ನೇ ಭೋಗ್ಯವೆನ್ನುತ್ತಾರೆ. ಒಂದು ಕೋಣೆಯ ಮಾಲಿಕರಿಗೆ ನಾನಂತೂ ಇದನ್ನು ಹೇಳುವುದಿಲ್ಲ. ತಿಂಗಳ ಬಾಡಿಗೆ ಬಾರದೆ, ದೊಡ್ಡ ಸಾಲವೊಂದು ತಲೆಯ ಮೇಲೆ ಕುಳಿತಿರುತ್ತದೆ. ಆ ಮೊತ್ತವನ್ನು ಮುಟ್ಟದೆ ಇಡುವ ಧೈರ್ಯ ಇರುವವರಿಗೆ ಆ ಮೊತ್ತದ ಅಗತ್ಯವೇ ಇರುವುದಿಲ್ಲ.

ಹಾಗಾದರೆ ಎಷ್ಟು ತೆಗೆದುಕೊಳ್ಳಬೇಕು? ಪರವಾನಿಗೆಯ ಠೇವಣಿಗೆ ಮಹಾರಾಷ್ಟ್ರದ ಕಾನೂನು ಇಂತಿಷ್ಟೇ ಎಂಬ ಮಿತಿ ಹಾಕಿಲ್ಲ. ಕೇಂದ್ರ ಸರಕಾರವು 2021ರ ಜೂನಿನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾನೂನಿನಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆ, ಇತರ ಕಟ್ಟಡಕ್ಕೆ ಆರು ತಿಂಗಳದು ಎಂದಿದೆ. ಆದರೆ ಅದು ಮಾದರಿ ಮಾತ್ರ. ಆಯಾ ರಾಜ್ಯ ಅಂಗೀಕರಿಸಿದರಷ್ಟೇ ಅನ್ವಯ. ಮದರಾಸಿನ ನಮ್ಮ ಬಂಧುಗಳಿಗೆ ತಮಿಳುನಾಡಿನ 2017ರ ಕಾನೂನಿದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಅಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಕೇಳಕೂಡದು. ಬೆಂಗಳೂರಿನಲ್ಲಿ ಹತ್ತು ತಿಂಗಳ 'ಅಡ್ವಾನ್ಸು' ಬಹುಕಾಲದ ರೂಢಿ. ಊರಿನಲ್ಲಿ ಮನೆ ಬಾಡಿಗೆಗೆ ಕೊಟ್ಟಿರುವ ನಮ್ಮವರು ಅದೇ ರೂಢಿಯನ್ನು ಇಲ್ಲಿಯೂ ತರಲು ನೋಡುತ್ತಾರೆ.

ನಾನು ಹೇಳುವ ಲೆಕ್ಕ ಇಷ್ಟೇ. ಬಾಡಿಗೆ 10,000 ಎಂದಿಟ್ಟುಕೊಳ್ಳಿ. ಎರಡು ತಿಂಗಳ ಬಾಡಿಗೆ ನಿಂತರೆ 20,000. ಕಟ್ಟದೆ ಬಿಟ್ಟ ವಿದ್ಯುತ್ತಿನ ಬಿಲ್ಲು 3,000. ಒಡೆದ ಬೇಸಿನ್ನು, ಬಾಗಿಲು, ಬೀಗದ ರಿಪೇರಿಗೆ 10,000. ಎಲ್ಲವೂ ಒಟ್ಟಿಗೇ ಕೆಟ್ಟರೂ 33,000 ಆಗುತ್ತದೆ. ಆದುದರಿಂದ 40,000 ಧಾರಾಳವಾಯಿತು. ಒಂದು ಲಕ್ಷ ಕೇಳಿದರೆ ಬರುವ ಅಪಾಯ ಕಡಿಮೆಯಾಗುವುದಿಲ್ಲ, ತಿರುಗಿ ಕೊಡುವ ಹೊರೆ ಹೆಚ್ಚಾಗುತ್ತದೆ, ಅಷ್ಟೇ. ಅದೂ ಅಲ್ಲದೆ, ಎರಡು ತಿಂಗಳ ಸಂಬಳವನ್ನು ಒಮ್ಮೆಲೇ ಎಣಿಸಿಕೊಡಲಾರದ ಒಳ್ಳೆಯ ಬಾಡಿಗೆದಾರರು ಬಾಗಿಲಿನಿಂದಲೇ ಹಿಂದಿರುಗುತ್ತಾರೆ.

ಕರಾರಿನ ವಿಷಯದಲ್ಲಿ ಒಂದು ತಪ್ಪು ತಿಳುವಳಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಹನ್ನೊಂದು ತಿಂಗಳಿಗೆ ಬರೆದರೆ ನೋಂದಣಿ ಬೇಡ ಎಂಬುದು. ಒಂದು ವರ್ಷಕ್ಕೆ ಮೀರಿದ ಗೇಣಿಗೆ ನೋಂದಣಿ ಕಡ್ಡಾಯವೆಂಬ 1908ರ ನೋಂದಣಿ ಕಾನೂನಿನಿಂದ ಈ ಹನ್ನೊಂದು ತಿಂಗಳು ಹುಟ್ಟಿತು. ಆದರೆ ಮಹಾರಾಷ್ಟ್ರದಲ್ಲಿ 1999ರ ಕಾನೂನಿನ 55ನೆಯ ಕಲಮಿನ ಪ್ರಕಾರ ಅವಧಿ ಎಷ್ಟೇ ಇರಲಿ, ಕರಾರು ಬರೆದು ನೋಂದಾಯಿಸತಕ್ಕದ್ದು. ಆ ಹೊಣೆಯೂ ಮಾಲಿಕನದೇ. ತಪ್ಪಿದರೆ ಮೂರು ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಇದಕ್ಕಿಂತ ಮುಖ್ಯವಾದ ಮಾತು, ನೋಂದಾಯಿತ ಕರಾರು ಇಲ್ಲದಿದ್ದರೆ ಷರತ್ತುಗಳ ಬಗ್ಗೆ ವಾಸವಿರುವವನು ಹೇಳಿದ್ದೇ ನಿಲ್ಲುತ್ತದೆ, ಮಾಲಿಕನು ಅದನ್ನು ಸುಳ್ಳೆಂದು ರುಜುವಾತುಪಡಿಸುವ ತನಕ. "ನಾನು ಒಂದು ಲಕ್ಷ ಕೊಟ್ಟಿದ್ದೆ" ಎಂದು ಅವನು ಹೇಳಿದರೆ, ನೀವು ಪಡೆದದ್ದು ನಲವತ್ತೇ ಸಾವಿರವೆಂದು ತೋರಿಸುವ ಪಾಡು ನಿಮ್ಮದು.

ಖರ್ಚಿಗೆ ಹೆದರುವವರು ಈ ಲೆಕ್ಕ ನೋಡಬೇಕು. ಮುದ್ರಾಂಕ ಶುಲ್ಕವು ಅವಧಿಯ ಒಟ್ಟು ಬಾಡಿಗೆ, ಜೊತೆಗೆ ತಿರುಗಿ ಕೊಡುವ ಠೇವಣಿಯ ಮೇಲೆ ವರ್ಷಕ್ಕೆ ಶೇಕಡಾ 10ರಂತೆ ಎಣಿಸಿದ ಬಡ್ಡಿ, ಇವೆರಡರ ಮೊತ್ತದ ಮೇಲೆ ಶೇಕಡಾ 0.25. ಮೇಲಿನ ಉದಾಹರಣೆಯಲ್ಲಿ ಹನ್ನೊಂದು ತಿಂಗಳ ಬಾಡಿಗೆ 1,10,000, ನಲವತ್ತು ಸಾವಿರದ ಮೇಲೆ ಹನ್ನೊಂದು ತಿಂಗಳ ಬಡ್ಡಿ 3,667, ಒಟ್ಟು 1,13,667. ಶುಲ್ಕ 284, ಅಂದರೆ ಸುಮಾರು 300 ರೂಪಾಯಿ. ನೋಂದಣಿ ಶುಲ್ಕ ನಗರ ಪ್ರದೇಶದಲ್ಲಿ 1,000. ಈಗ ಇದು ಅಂತರಜಾಲದ ಮೂಲಕ ಮನೆಯಲ್ಲೇ ಹೆಬ್ಬೆಟ್ಟು ಒತ್ತಿ ಮುಗಿಯುತ್ತದೆ. ಮಾಡಿಸಿಕೊಡುವ ಮಧ್ಯಸ್ಥನ ಕೂಲಿ ಮಾತ್ರ ಬೇರೆ, ಅದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಪೊಲೀಸ್ ಠಾಣೆಗೆ ಬಾಡಿಗೆದಾರರ ವಿವರ ಒಪ್ಪಿಸುವುದನ್ನೂ ಅದರೊಡನೆಯೇ ಮುಗಿಸಿಬಿಡುವುದು ಲೇಸು.

"ನಮ್ಮ ಊರಿನವರೇ, ನಮ್ಮ ಪೈಕಿಯವರೇ, ಕಾಗದವೇಕೆ?" ಎನ್ನುವವರು ಬಹಳ. ನನ್ನ ಅನುಭವದಲ್ಲಿ ಕಾಗದ ಹೆಚ್ಚು ಬೇಕಾಗುವುದು ನಮ್ಮವರ ನಡುವೆಯೇ. ಪರಕೀಯನೊಡನೆ ಜಗಳವಾದರೆ ಹಣ ಹೋಗುತ್ತದೆ. ನಮ್ಮವನೊಡನೆ ಆದರೆ ಮದುವೆ-ಮುಂಜಿಗೆ ಹೋಗಿ ಬರುವುದೂ ನಿಲ್ಲುತ್ತದೆ.

ಠೇವಣಿಯನ್ನು ಬ್ಯಾಂಕಿನ ಮೂಲಕವೇ ತೆಗೆದುಕೊಳ್ಳಿ. 20,000 ರೂಪಾಯಿ ಅಥವಾ ಅದಕ್ಕೆ ಮೀರಿದ ಠೇವಣಿಯನ್ನು ನಗದಾಗಿ ಪಡೆಯುವುದನ್ನೂ ನಗದಾಗಿ ತಿರುಗಿಸುವುದನ್ನೂ ಆದಾಯ ತೆರಿಗೆಯ ಕಾನೂನು ನಿಷೇಧಿಸುತ್ತದೆ. ಸಿಕ್ಕಿಬಿದ್ದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಚೆಕ್ಕಿನ ನಂಬರನ್ನು, ಮೊಬೈಲಿನಿಂದ ಕಳಿಸಿದ್ದರೆ ಆ ವ್ಯವಹಾರದ ನಂಬರನ್ನು ಕರಾರಿನಲ್ಲೇ ಬರೆಯಿಸಿ. ಇನ್ನು ಹುಡುಗರು ಮೂರು-ನಾಲ್ಕು ಜನ ಸೇರಿ ಮನೆ ಹಿಡಿದಾಗ ಒಂದು ತೊಡಕು ಬರುತ್ತದೆ. ಒಬ್ಬನು ಆರು ತಿಂಗಳಿಗೆ ಬೇರೆ ನೌಕರಿ ಸಿಕ್ಕಿ ಹೊರಟು "ನನ್ನ ಪಾಲು ಕೊಡಿ" ಎನ್ನುತ್ತಾನೆ. ಉಳಿದವರು "ಅವನು ವಿದ್ಯುತ್ತಿನ ಹಣ ಕೊಡಬೇಕು, ಕೊಡಬೇಡಿ" ಎನ್ನುತ್ತಾರೆ. ಮಾಲಿಕನು ನಡುವೆ ಸಿಕ್ಕಿಕೊಳ್ಳುತ್ತಾನೆ. ಯಾರು ಎಷ್ಟು ಕೊಟ್ಟರು, ಕೊನೆಗೆ ಯಾರ ಖಾತೆಗೆ ತಿರುಗಿ ಹೋಗಬೇಕು, ಮಧ್ಯದಲ್ಲಿ ಹೋಗುವವನ ಪಾಲನ್ನು ಹೊಸದಾಗಿ ಬರುವವನೇ ಅವನಿಗೆ ಕೊಡಬೇಕು ಎಂಬುದನ್ನು ಮೊದಲ ದಿನವೇ ಎಲ್ಲರ ಸಹಿಯೊಡನೆ ಬರೆದಿಟ್ಟರೆ ಈ ಪೇಚಾಟವಿಲ್ಲ.

ಇನ್ನು ಇಡುವ ವಿಷಯ. ಇಲ್ಲಿಯೇ ನಾವು ಸೋಲುವುದು. ಠೇವಣಿ ಬಂದ ವಾರದಲ್ಲೇ ಅದನ್ನು ಮುದ್ದತು ಠೇವಿನಲ್ಲಿ ಹಾಕಿ, ಕರಾರಿನ ಅವಧಿ ಮುಗಿಯುವ ಹೊತ್ತಿಗೆ ಅದೂ ಮುಗಿಯುವಂತೆ ತಾರೀಖು ಹೊಂದಿಸಬೇಕು. ಮಧ್ಯದಲ್ಲಿ ಮುರಿದರೂ ಬಡ್ಡಿಯಲ್ಲಿ ಸ್ವಲ್ಪ ಕಡಿತವಾಗುತ್ತದೆ, ಅಸಲಿಗೆ ಧಕ್ಕೆಯಿಲ್ಲ. ಈ ಬಡ್ಡಿ ಯಾರದೆಂದು ಕೆಲವರು ಕೇಳುತ್ತಾರೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಮಾಲಿಕನೇ ಇಟ್ಟುಕೊಳ್ಳುವುದು ರೂಢಿ, ಅದರಲ್ಲಿ ತಪ್ಪು ನನಗೆ ಕಾಣುವುದಿಲ್ಲ. ಆದರೆ ಹೆಚ್ಚು ಬಡ್ಡಿಯ ಆಸೆಗೆ ಪತ್‌ಸಂಸ್ಥೆಯಲ್ಲಿ ಇಡಬೇಡಿ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರಿಗೆ 5 ಲಕ್ಷದವರೆಗೆ ವಿಮೆಯಿದೆ. 2020ರ ಫೆಬ್ರವರಿಯಲ್ಲಿ ಅದನ್ನು 1 ಲಕ್ಷದಿಂದ ಏರಿಸಿದರು. ಪತ್‌ಸಂಸ್ಥೆಗಳಿಗೆ ಆ ವಿಮೆಯಿಲ್ಲ. ನಮ್ಮ ಹಣವಾದರೆ ನಮ್ಮ ಗ್ರಹಚಾರ, ಇನ್ನೊಬ್ಬರ ಹಣದ ಮೇಲೆ ಜೂಜಾಡಬಾರದು. ಆ ಠೇವಿನ ಪಾವತಿಯ ಮೇಲೆ 'ಬಾಡಿಗೆ ಠೇವಣಿ' ಎಂದು ಬರೆದು ಮನೆಯವರಿಗೂ ತೋರಿಸಿಡಿ. ಮಾಲಿಕನು ಅಕಸ್ಮಾತ್ತಾಗಿ ತೀರಿಕೊಂಡರೆ ಮನೆ ವಾರಸುದಾರರಿಗೆ ಬರುವಂತೆ ಈ ಸಾಲವೂ ಅವರಿಗೆ ಬರುತ್ತದೆ.

ನನ್ನ ಸಂಗತಿ ಇಲ್ಲಿ ಹೇಳುತ್ತೇನೆ. ತಂದೆಯವರು ಡೊಂಬಿವಲಿಯಲ್ಲಿ ಬಿಟ್ಟುಹೋದ ಒಂದು ಕೋಣೆಯ ಮನೆಯನ್ನು 2018ರ ಜೂನಿನಲ್ಲಿ ಬಾಡಿಗೆಗೆ ಕೊಟ್ಟೆ. ಬಂದವರು ಕುಂದಾಪುರದ ಕಡೆಯ ಗಂಡ-ಹೆಂಡತಿ. ಅವರು ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ಬಾಡಿಗೆ 8,000, ಠೇವಣಿ 60,000. ಆ ಡಿಸೆಂಬರಿನಲ್ಲಿ ತಂಗಿಯ ಮದುವೆ ಕೂಡಿ ಬಂತು. ಠೇವಣಿ ಮಂಟಪದ ಬಾಡಿಗೆಯಾಗಿ, ಊಟದ ಖರ್ಚಾಗಿ ಹೋಯಿತು. ಬಾಡಿಗೆದಾರರು ಬಿಡುವಾಗ ಹೊಸಬರ ಠೇವಣಿಯಿಂದ ಕೊಟ್ಟರಾಯಿತು ಎಂದುಕೊಂಡೆ. ಅವನ ಟೋಪಿ ಇವನ ತಲೆಗೆ. ಎಲ್ಲರೂ ಮಾಡುವುದು ಹೀಗೆಯೇ, ಮತ್ತು ಹೊಸಬರು ಸಿಗುವತನಕ ಇದು ನಡೆಯುತ್ತದೆ ಕೂಡ.

2020ರ ಮಾರ್ಚಿನಲ್ಲಿ ಲೋಕಲ್ ಗಾಡಿಗಳು ನಿಂತವು. ಹೋಟೆಲು ಮುಚ್ಚಿತು. ಜುಲೈನಲ್ಲಿ ಅವರು ಊರಿಗೆ ಹೋಗುವುದಾಗಿ ಹೇಳಿ ಠೇವಣಿ ಕೇಳಿದರು. ನನ್ನ ಸಂಬಳ ಅರ್ಧಕ್ಕಿಳಿದಿತ್ತು, ಹೊಸ ಬಾಡಿಗೆದಾರರ ಸುಳಿವಿರಲಿಲ್ಲ. ಕೈಯಲ್ಲಿ 11,000 ಇತ್ತು. ಮನೆ ನೋಡಲು ಹೋದವನಿಗೆ, ಎರಡು ವರ್ಷ ಕಾಣದ ಕಲೆಗಳೆಲ್ಲ ಆ ದಿನ ಕಾಣತೊಡಗಿದವು. ಕಿಟಕಿಯ ಪಕ್ಕದ ಗೋಡೆಯಲ್ಲಿ ತೇವದ ಕಲೆಯೊಂದಿತ್ತು. ಅದನ್ನು ಹಿಡಿದುಕೊಂಡು ಬಣ್ಣದ ಖರ್ಚೆಂದು 9,000 ಮುರಿದುಕೊಂಡೆ. "ಅಣ್ಣಾ, ನಾವು ಬರುವಾಗಲೂ ಗೋಡೆ ಹೀಗೇ ಇತ್ತಲ್ಲ?" ಎಂದರು ಆತ. ಇತ್ತೆಂದೂ ಇರಲಿಲ್ಲವೆಂದೂ ತೋರಿಸುವ ಕಾಗದ ಅವರಲ್ಲೂ ಇರಲಿಲ್ಲ, ನನ್ನಲ್ಲೂ ಇರಲಿಲ್ಲ. ಮಾಲಿಕನ ಮಾತೇ ನಡೆಯಿತು. 11,000 ಕೊಟ್ಟು ಕಳಿಸಿದೆ. ಉಳಿದ 40,000 ನಾಲ್ಕು ಕಂತಿನಲ್ಲಿ ಮರುವರ್ಷದ ಮಾರ್ಚಿನವರೆಗೆ ಮುಟ್ಟಿತು. ಆ ಎಂಟು ತಿಂಗಳು ಅವರು ಊರಿನಲ್ಲಿ ಹೇಗೆ ದಿನ ಕಳೆದರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅದಾಗಿ ಒಂದು ವರ್ಷದ ಮೇಲೆ ತಂಗಿಯ ನಿಶ್ಚಿತಾರ್ಥದ ಚಿತ್ರಗಳನ್ನು ನೋಡುತ್ತಿದ್ದೆ. ಮನೆ ಬಾಡಿಗೆಗೆ ಕೊಡುವ ಎರಡು ತಿಂಗಳು ಮೊದಲು ಅದೇ ಕೋಣೆಯಲ್ಲಿ ತೆಗೆದವು. ತಂಗಿಯ ಹೆಗಲಿನ ಹಿಂದೆ, ಕಿಟಕಿಯ ಪಕ್ಕದಲ್ಲಿ, ಆ ಕಲೆ ಇತ್ತು. ಫೋನು ಮಾಡಿ, ಒಂದಷ್ಟು ಹಣ ಕೊಡುವುದು ಉಳಿದಿದೆ ಎಂದೆ. ಎಷ್ಟೆಂದು ನಾನು ಹೇಳುವ ಮೊದಲೇ ಆತ "ಒಂಬತ್ತು ಸಾವಿರವಾ ಅಣ್ಣಾ?" ಎಂದರು.

ಇಷ್ಟು ಬರೆದದ್ದು ಏಕೆಂದರೆ, ಮುರಿದುಕೊಳ್ಳುವಾಗ ಕೈಯಲ್ಲಿ ಹಣವಿಲ್ಲದವನ ಕಣ್ಣನ್ನು ನಂಬಲಾಗದು. ಆದುದರಿಂದ ಮನೆ ಒಪ್ಪಿಸುವ ದಿನವೇ ಎಲ್ಲವನ್ನೂ ಬರೆದಿಡಬೇಕು. ಫ್ಯಾನು ಎಷ್ಟು, ದೀಪ ಎಷ್ಟು, ನಲ್ಲಿಗಳು ಸೋರುತ್ತವೆಯೇ, ಗೀಸರು ನಡೆಯುತ್ತದೆಯೇ, ಕಿಟಕಿಯ ಗಾಜು ಯಾವುದು ಸೀಳಿದೆ, ಕೀಲಿಕೈ ಎಷ್ಟು ಜೊತೆ, ವಿದ್ಯುತ್ತಿನ ಮೀಟರಿನ ಅಂಕೆ ಎಷ್ಟು. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ ಒಬ್ಬೊಬ್ಬರು ಒಂದು ಪ್ರತಿ ಇಟ್ಟುಕೊಳ್ಳಿ. ಪ್ರತಿ ಗೋಡೆಯದೂ ಬಚ್ಚಲಿನದೂ ಮೊಬೈಲಿನಲ್ಲಿ ಚಿತ್ರ ತೆಗೆದು ಆಗಲೇ ಬಾಡಿಗೆದಾರರಿಗೂ ಕಳಿಸಿ. ಇದಕ್ಕೆ ಬೇಕಾದ್ದು ಅರ್ಧ ಗಂಟೆ. ಇರುವ ಕಲೆಯನ್ನು ನಾವೇ ತೋರಿಸಿ ಬರೆಸಿದರೆ, ಮುಂದೆ ಆಗುವ ಕಲೆಯನ್ನು ಅವರೂ ಒಪ್ಪುತ್ತಾರೆ.

ಯಾವುದಕ್ಕೆ ಮುರಿಯಬಹುದು, ಯಾವುದಕ್ಕೆ ಕೂಡದು? ಮನುಷ್ಯರು ಬಾಳಿದ ಮನೆ ಸವೆಯುತ್ತದೆ. ಪಂಚಾಂಗ ತೂಗುಹಾಕಿದ ಮೊಳೆಯ ತೂತು, ದೇವರ ದೀಪದ ಹೊಗೆ, ಮಾಸಿದ ಬಣ್ಣ, ಸವೆದ ನಲ್ಲಿಯ ವಾಯಿಸರು, ಇವೆಲ್ಲ ಬಾಡಿಗೆಯಲ್ಲೇ ಸೇರಿದವು. ಮಳೆಗಾಲದ ತೇವವಂತೂ ಕಟ್ಟಡದ ಪಾಪ, ಬಾಡಿಗೆದಾರರದಲ್ಲ. ಒಡೆದ ಬೇಸಿನ್ನು, ಕಾಣೆಯಾದ ಫ್ಯಾನು, ಕೇಳದೆ ಕೊರೆದ ಗೋಡೆ, ಮುರಿದ ಬಾಗಿಲು, ಇವು ಹಾನಿ. ಹಾನಿಗೂ ವಸ್ತುವಿನ ವಯಸ್ಸು ನೋಡಬೇಕು. ಎಂಟು ವರ್ಷದ ಹಳೆಯ ಗೀಸರು ಕೆಟ್ಟರೆ ಹೊಸ ಗೀಸರಿನ ಬೆಲೆ ಕೇಳುವುದು ನ್ಯಾಯವಲ್ಲ. ಮೂರು ವರ್ಷ ಇದ್ದು ಹೋದವರಿಂದ ಬಣ್ಣದ ಖರ್ಚು ಪೂರ್ತಿ ಪಡೆಯುವುದೂ ಅಷ್ಟೇ, ಆ ಬಣ್ಣ ಹೇಗೂ ಹೊಡೆಸಬೇಕಾದ್ದೇ. ಮುರಿದುಕೊಂಡ ಪ್ರತಿ ರೂಪಾಯಿಗೂ ಅಂದಾಜಲ್ಲ, ಬಿಲ್ಲು ಇರಬೇಕು, ಅದರ ಪ್ರತಿ ಅವರಿಗೆ ಕೊಡಬೇಕು. ಸೊಸಾಯಿಟಿಯವರು ಮಾಲಿಕನು ವಾಸವಿಲ್ಲವೆಂದು ಹಾಕುವ ನಾನ್-ಆಕ್ಯುಪೆನ್ಸಿ ಶುಲ್ಕವನ್ನು ಕರಾರಿನಲ್ಲಿ ಇಲ್ಲದೆ ಠೇವಣಿಯಿಂದ ಮುರಿಯುವವರನ್ನೂ ಕಂಡಿದ್ದೇನೆ. ಅದು ಮಾಲಿಕನ ಹೊರೆ. (ಅದೂ ಸೇವಾ ಶುಲ್ಕದ ಶೇಕಡಾ 10ಕ್ಕೆ ಮೀರಕೂಡದೆಂದು 2001ರ ಆಗಸ್ಟಿನ ಸರಕಾರಿ ಆಜ್ಞೆಯಿದೆ. ಹೆಚ್ಚು ಹಾಕಿದ್ದರೆ ಬಾಡಿಗೆದಾರರ ಮೇಲಲ್ಲ, ಸೊಸಾಯಿಟಿಯ ಮೇಲೆ ಜಗಳ ಹೂಡಿ.)

ಬಿಡುವ ಮೊದಲು ಕೊನೆಯ ಎರಡು ತಿಂಗಳು "ಠೇವಣಿಯಲ್ಲಿ ಮುರಿದುಕೊಳ್ಳಿ" ಎಂದು ಬಾಡಿಗೆ ನಿಲ್ಲಿಸುವವರುಂಟು. ಮಾಲಿಕನು ತಿರುಗಿ ಕೊಡಲಾರನೆಂಬ ಅನುಮಾನವೇ ಬಹುತೇಕ ಅದಕ್ಕೆ ಕಾರಣ. ಹಾಗೆ ಮಾಡಕೂಡದೆಂದು ಕರಾರಿನಲ್ಲಿ ಬರೆಯಿಸಬೇಕು, ಏಕೆಂದರೆ ಕೊನೆಗೆ ವಿದ್ಯುತ್ತಿನ ಬಿಲ್ಲಿಗೂ ಹಾನಿಗೂ ಏನೂ ಉಳಿಯುವುದಿಲ್ಲ. ಆದರೂ ನೌಕರಿ ಹೋದವರು, ಕಾಯಿಲೆಯವರು ಕೇಳಿದರೆ ನಾನು ಒಪ್ಪುತ್ತೇನೆ. ಎಷ್ಟು ಮುರಿದೆವು, ಎಷ್ಟು ಉಳಿಯಿತು ಎಂದು ಚೀಟಿಯಲ್ಲಿ ಬರೆದು ಸಹಿ ಹಾಕಿಸಿ. ತಿರುಗಿ ಕೊಡಬೇಕಾದ ಠೇವಣಿಗೆ ತೆರಿಗೆಯಿಲ್ಲ, ಬಾಡಿಗೆಗೆಂದು ಮುರಿದುಕೊಂಡ ಭಾಗ ಮಾತ್ರ ಬಾಡಿಗೆಯ ಆದಾಯವೇ ಆಗುತ್ತದೆಂಬುದು ನೆನಪಿರಲಿ.

ಬಿಡುವ ಸೂಚನೆ ಬಂದ ಮೇಲೆ ಹದಿನೈದು ದಿನ ಮೊದಲೇ ಒಮ್ಮೆ ಹೋಗಿ, ಆ ಹಳೆಯ ಹಾಳೆ ಹಿಡಿದು ಜೊತೆಯಾಗಿ ಮನೆ ನೋಡಿ. ರಿಪೇರಿ ಏನಾದರೂ ಇದ್ದರೆ ಅವರೇ ಮಾಡಿಸಲು ಅವಕಾಶ ಕೊಡಿ. ನಾವು ಮಾಡಿಸುವುದಕ್ಕಿಂತ ಅಗ್ಗವಾಗಿ ಮಾಡಿಸುತ್ತಾರೆ. ಕೊನೆಯ ದಿನ ಮೀಟರಿನ ಅಂಕೆ ಬರೆದುಕೊಂಡು ಅಂದಿನವರೆಗಿನ ಬಿಲ್ಲಿನ ಲೆಕ್ಕ ಮಾಡಿ. ಬಿಲ್ಲು ಬರಲು ತಡವಾದರೆ ಅದಕ್ಕಾಗಿ ಒಂದೆರಡು ಸಾವಿರ ಮಾತ್ರ ಹಿಡಿದು, ಉಳಿದದ್ದನ್ನು ಅಲ್ಲೇ ಅವರ ಖಾತೆಗೆ ಕಳಿಸಿ. ಕೀಲಿಕೈ ಈ ಕೈಗೆ, ಹಣ ಆ ಕೈಗೆ. "ಬರುವ ವಾರ ಕಳಿಸುತ್ತೇನೆ" ಎಂಬ ಮಾತು ಬೇಡ. ಅವರು ಹೊಸ ಮನೆಗೆ ಠೇವಣಿ ಕಟ್ಟಬೇಕಾದದ್ದು ಇದೇ ಹಣದಿಂದ. ಹಾಗೆ ಕೊಡದಿದ್ದರೆ, ಕೊಡುವವರೆಗೆ ಬಾಡಿಗೆಯಿಲ್ಲದೆ ಅಲ್ಲೇ ಇರಬಹುದೆಂದೂ ಬಡ್ಡಿ ಕೊಡಬೇಕೆಂದೂ ಅನೇಕ ಅಚ್ಚಿನ ಕರಾರುಗಳಲ್ಲಿ ಬರೆದಿರುತ್ತದೆ. ಸಹಿ ಹಾಕುವಾಗ ನಾವು ಅದನ್ನು ಓದಿರುವುದಿಲ್ಲ. ಕರಾರಿನಲ್ಲಿ ಇಲ್ಲದಿದ್ದರೂ ಹಣಕ್ಕಾಗಿ ಸಿವಿಲ್ ದಾವೆ ಹೂಡಲು ಅವರಿಗೆ ಹಕ್ಕಿದೆ. ಎಲ್ಲ ಮುಗಿದ ಮೇಲೆ 'ಠೇವಣಿ ಇಷ್ಟು, ಮುರಿದದ್ದು ಇಷ್ಟು, ಮುಟ್ಟಿದ್ದು ಇಷ್ಟು, ಇನ್ನು ಪರಸ್ಪರ ಬಾಕಿಯಿಲ್ಲ' ಎಂದು ರಸೀದಿ ಪಡೆಯಿರಿ.

ಠೇವಣಿ ಈಗಾಗಲೇ ಖರ್ಚಾಗಿರುವವರು ಏನು ಮಾಡಬೇಕು? ಮೊದಲು ಹೇಳಿದ ಹಿರಿಯರಿಗೆ ನಾನು ಹೇಳಿದ್ದನ್ನೇ ಹೇಳುತ್ತೇನೆ. ಅಂದೇ ಬಾಡಿಗೆದಾರರನ್ನು ಕಂಡು ಇದ್ದ ಸಂಗತಿ ಹೇಳಿ ಎಂದೆ. ಅವರು ಹೋಗಿ ಹೇಳಿದರು. ತಮ್ಮ ಮುದ್ದತು ಠೇವಿನ ಮೇಲೆ ಬ್ಯಾಂಕಿನಲ್ಲಿ 50,000 ಸಾಲ ತೆಗೆದು ಬಿಡುವ ದಿನ ಕೊಟ್ಟರು. ಉಳಿದ 25,000ಕ್ಕೆ ಎರಡು ತಾರೀಖು ಬರೆದು ಚೆಕ್ಕು ಕೊಟ್ಟರು. ಗೋಡೆಯ ಕಾಗದದ ಮಾತು ಅವರು ಮತ್ತೆ ಎತ್ತಲಿಲ್ಲ. ಬಾಡಿಗೆದಾರರು ಇನ್ನೂ ಇರುವಾಗಲೇ ಎಚ್ಚತ್ತವರಿಗೆ ದಾರಿ ಸುಲಭ. ಬರುವ ಬಾಡಿಗೆಯಿಂದ ತಿಂಗಳಿಗೆ 2,000ದಂತೆ ಬ್ಯಾಂಕಿನಲ್ಲಿ ಆವರ್ತಕ ಠೇವಣಿ ಕಟ್ಟಿದರೆ 20 ತಿಂಗಳಲ್ಲಿ ನಲವತ್ತು ಸಾವಿರ ಮತ್ತೆ ಕೂಡುತ್ತದೆ. ಅಷ್ಟರವರೆಗೆ ಬಾಡಿಗೆಯು ಹತ್ತು ಸಾವಿರವಲ್ಲ, ಎಂಟೇ ಸಾವಿರ ಎಂದು ತಿಳಿಯಬೇಕು.

ಮನೆ ಒಪ್ಪಿಸುವ ದಿನದ ಹಾಳೆ, ಠೇವಣಿಯ ರಸೀದಿ, ಕೊನೆಯ ಲೆಕ್ಕದ ರಸೀದಿ, ಈ ಮೂರರ ನಮೂನೆಗಳನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ವಾಚನಾಲಯದ ಬಾಗಿಲ ಪಕ್ಕದ ಕಪಾಟಿನಲ್ಲಿ ಇಟ್ಟಿದೆ. ಬೇಕಾದವರು ನಕಲು ಮಾಡಿಕೊಳ್ಳಬಹುದು. ತುಂಬಿಸಲು ಸಹಾಯ ಬೇಕಾದವರು ರವಿವಾರ ಬೆಳಿಗ್ಗೆ 10ರಿಂದ 12ರ ಒಳಗೆ ಬರಬೇಕು. ಬರುವಾಗ ಹಳೆಯ ಕರಾರನ್ನೂ ಬ್ಯಾಂಕಿನ ಪಾಸ್‌ಬುಕ್ಕನ್ನೂ ಮರೆಯದೆ ತರಬೇಕು.